ಹಲಸಿನ ಹಲಗೆಗೆ ತೋಡು ತೆಗೆದದ್ದು

ನಮ್ಮ ಮನೆಯ ಚಾವಡಿಯಲ್ಲಿ ಈಗ ಮೂರು ಡ್ರಾಯರುಗಳಿರುವ ಒಂದು ಹಲಸಿನ ಪೆಟ್ಟಿಗೆ ನಿಂತಿದೆ. ಅದಕ್ಕೆ ಹಿಡಿಯಿಲ್ಲ, ಹಿತ್ತಾಳೆಯ ಗುಬ್ಬಿಯಾಗಲಿ, ಸ್ಟೀಲಿನ ಹ್ಯಾಂಡಲ್ ಆಗಲಿ ಯಾವುದೂ ಇಲ್ಲ. ಬಂದವರು ಮೊದಲು ಅದರ ಮುಖದ ಮೇಲೆ ಕೈಯಾಡಿಸುತ್ತಾರೆ, ಆಮೇಲೆ ಎಳೆಯುವುದು ಎಲ್ಲಿಂದ ಎಂದು ಕೇಳುತ್ತಾರೆ. ಕೇಳುವಷ್ಟರಲ್ಲಿ ಅವರ ಹೆಬ್ಬೆರಳು ಮುಖದ ತಗ್ಗಿನಲ್ಲಿ ಕೂತು, ಉಳಿದ ಬೆರಳುಗಳು ಕೆಳಅಂಚಿನ ಅಡಿಗೆ ಹೋಗಿರುತ್ತವೆ. ಆ ತಗ್ಗನ್ನು ಟೇಬಲ್ ಸಾ (ಮೇಜಿನ ನಡುವಿನಿಂದ ದುಂಡು ಬ್ಲೇಡು ಮೇಲೆದ್ದು ತಿರುಗುವ ಗರಗಸ) ಮೇಲೆ ತೆಗೆದದ್ದು ಹೇಗೆ, ಅದಕ್ಕಿಂತ ಮುಖ್ಯವಾಗಿ ಯಾವ ಕೆಲಸದ ನಂತರ ತೆಗೆದದ್ದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಕ್ರಮ ತಪ್ಪಿಸಿ ಒಂದು ಒಳ್ಳೆಯ ಹಲಗೆಯನ್ನು ನಾನು ಹಾಳುಮಾಡಿದ್ದೇನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹಲಸಿಗೆ ಬರವಿಲ್ಲ. ನಾಲ್ಕು ಮಳೆಗಾಲದ ಹಿಂದೆ ಗಾಳಿಗೆ ಬಿದ್ದ ಮರವೊಂದನ್ನು ಮಿಲ್ಲಿಗೆ ಸಾಗಿಸಿ, ಒಂದೂವರೆ ಇಂಚಿನ ಹಲಗೆಗಳನ್ನಾಗಿ ಸೀಳಿಸಿ, ತುದಿಗಳಿಗೆ ಹಳೆಯ ಪೈಂಟ್ ಬಳಿದು, ನಡುನಡುವೆ ರೀಪು ಕೊಟ್ಟು ಕೊಟ್ಟಿಗೆಯ ಅಟ್ಟದಲ್ಲಿ ಪೇರಿಸಿಟ್ಟಿದ್ದೆವು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕೆಂಬುದು ರೂಢಿಯ ಲೆಕ್ಕ. ನಮ್ಮ ಜಿಲ್ಲೆಯ ಮಳೆಯನ್ನು ನೋಡಿದರೆ ಇನ್ನೊಂದು ವರ್ಷ ಸೇರಿಸುವುದು ಕ್ಷೇಮ. ಹೊರಗಿನ ಬಿಳಿ ಭಾಗವನ್ನು ಬಿಟ್ಟು ಚೇಗನ್ನಷ್ಟೇ ಇಟ್ಟುಕೊಂಡೆ. ಹಲಸಿನ ಚೇಗು ಕೊಯ್ದಾಗ ಅರಸಿನದ ಹಾಗೆ ಹಳದಿಯಾಗಿದ್ದು, ವರ್ಷಗಳು ಕಳೆದಂತೆ ಬೆಳಕಿಗೆ ಕಂದುತ್ತಾ ಹೋಗುತ್ತದೆ. ಆ ಹಳದಿ ಬರಿಯ ತೋರಿಕೆಯದಲ್ಲ, ಬರ್ಮಾದ ಕಡೆಯ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದದ್ದು ಇದೇ ಮರದ ಚಕ್ಕೆಗಳಿಂದ. ಯಂತ್ರದ ಮುಂದೆ ಒಂದು ದಿನ ನಿಂತರೆ ನಮ್ಮ ಬನಿಯನಿಗೂ ಆ ದೀಕ್ಷೆ ಆಗುತ್ತದೆ.

ಪ್ರತಿ ಡ್ರಾಯರಿನ ಮುಖದ ಹಲಗೆ 560 ಮಿ.ಮೀ. ಉದ್ದ, 140 ಮಿ.ಮೀ. ಎತ್ತರ, ಕೀಸಿದ ಮೇಲೆ 34 ಮಿ.ಮೀ. ದಪ್ಪ. ಕೆಳಗಿನ ಅಂಚಿನಿಂದ 25 ಮಿ.ಮೀ. ಬಿಟ್ಟು, ಉದ್ದಕ್ಕೂ 75 ಮಿ.ಮೀ. ಅಗಲ ಮತ್ತು 12 ಮಿ.ಮೀ. ಆಳದ ಒಂದು ತೋಡು ಬೇಕಿತ್ತು. ತೋಡು ಎಂಬುದು ನಮ್ಮ ಬಡಗಿ ಆಚಾರ್ರ ಮಾತು. ತೋಟದ ನಡುವೆ ಹರಿಯುವ ನೀರಿಗೂ ನಾವು ಅದೇ ಹೆಸರು ಹೇಳುವುದರಿಂದ ನನಗೆ ಬೇರೆ ಪದ ಹುಡುಕುವ ಮನಸ್ಸಾಗಲಿಲ್ಲ. ಮೇಲಿನ ಅಂಚನ್ನು ಹೊರಗಿನಿಂದ ಹಿಂದಕ್ಕೆ ಉರುಟಾಗಿ ಇಳಿಸಬೇಕಿತ್ತು, ಏಕೆಂದರೆ ಒಂದು ಡ್ರಾಯರಿನ ನೆತ್ತಿ ಹಿಂದಕ್ಕೆ ಸರಿದರೆ ಮಾತ್ರ ಅದರ ಮೇಲಿನ ಡ್ರಾಯರಿನ ಅಡಿಗೆ ಬೆರಳು ಹೋಗಲು ಜಾಗ ಸಿಗುತ್ತದೆ. ಬರಿಯ ತೋಡಿನಿಂದ ಡ್ರಾಯರನ್ನು ಎಳೆಯಲಾಗುವುದಿಲ್ಲ. ಅದರ ಇಳಿಜಾರಿನಲ್ಲಿ ಬೆರಳು ಜಾರುತ್ತದೆ. ಹೆಬ್ಬೆರಳಿಗೆ ತೋಡು, ಉಳಿದ ನಾಲ್ಕಕ್ಕೆ ಅಡಿಯ ಅಂಚು, ಹೀಗೆ ಎರಡೂ ಸೇರಿದಾಗಲೇ ಹಿಡಿತ.

ಟೇಬಲ್ ಸಾ ಮೂಲತಃ ನೇರವಾಗಿ ಸೀಳುವ ಯಂತ್ರ. ಹಲಗೆಯನ್ನು ಬ್ಲೇಡಿನ ಜೊತೆಗೇ ನೇರಕ್ಕೆ ನೂಕಿದರೆ ಬ್ಲೇಡಿನ ದಪ್ಪದಷ್ಟು, ಎಂದರೆ ಸುಮಾರು 3 ಮಿ.ಮೀ. ಗೀರು ಬೀಳುತ್ತದೆ. ಅದೇ ಹಲಗೆಯನ್ನು ಬ್ಲೇಡಿಗೆ ಲಂಬವಾಗಿ, ಅಡ್ಡಕ್ಕೆ ದಾಟಿಸಿದರೆ ಬ್ಲೇಡಿನ ವೃತ್ತದ ಮೇಲ್ಗಡೆಯ ಕಮಾನು ಹಾಗೆಯೇ ಹಲಗೆಯ ಹೊಟ್ಟೆಗೆ ಇಳಿಯುತ್ತದೆ. ಇವೆರಡರ ನಡುವಿನ ಯಾವುದಾದರೂ ಓರೆಯಲ್ಲಿ ದಾಟಿಸಿದರೆ ಆ ಕಮಾನು ಬದಿಗಳಿಂದ ಒತ್ತಿದಂತೆ ಕಿರಿದಾಗಿ, ದೀರ್ಘವೃತ್ತದ ಒಂದು ತುಣುಕಾಗುತ್ತದೆ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನಾದ ನಾನು ಇಷ್ಟು ಸಿಕ್ಕಿದ ಮೇಲೆ ಕಾಗದ ಹುಡುಕದೆ ಇರುವುದಾದರೂ ಹೇಗೆ? ಹತ್ತು ಇಂಚಿನ ಬ್ಲೇಡಿನ ತ್ರಿಜ್ಯ 127 ಮಿ.ಮೀ.; ಅದು ಮೇಜಿನಿಂದ 12 ಮಿ.ಮೀ. ಎದ್ದಾಗ ಮೇಜಿನ ಮಟ್ಟದಲ್ಲಿ ಕಾಣುವ ಜ್ಯಾ ಸುಮಾರು 108 ಮಿ.ಮೀ.; 75ನ್ನು 108ರಿಂದ ಭಾಗಿಸಿದರೆ ಬರುವುದು ಓರೆಯ ಸೈನ್ ಬೆಲೆ, ಅಲ್ಲಿಗೆ ಓರೆ 44 ಡಿಗ್ರಿ.

ಆಚಾರ್ರು ಆ ಕಾಗದವನ್ನು ಗೌರವದಿಂದಲೇ ನೋಡಿ ಬದಿಗಿಟ್ಟರು. ಎರಡು ನೇರ ರೀಪುಗಳನ್ನು ಸರಿಯಾಗಿ 75 ಮಿ.ಮೀ. ಅಂತರದಲ್ಲಿ, ಎರಡು ತುದಿಯಲ್ಲಿ ತುಂಡು ಪಟ್ಟಿ ಹೊಡೆದು ಜೋಡಿಸಿದರು. ಬ್ಲೇಡನ್ನು 12 ಮಿ.ಮೀ.ಗೆ ಏರಿಸಿ, ಆ ಚೌಕಟ್ಟನ್ನು ಅದರ ಮೇಲಿಟ್ಟು ನಿಧಾನವಾಗಿ ತಿರುಗಿಸಿದರು. ಮುಂದಿನ ಹಲ್ಲು ಒಂದು ರೀಪನ್ನೂ ಹಿಂದಿನ ಹಲ್ಲು ಇನ್ನೊಂದು ರೀಪನ್ನೂ ಒಟ್ಟಿಗೆ ಮುಟ್ಟಿದ ಕ್ಷಣದಲ್ಲಿ ನಿಲ್ಲಿಸಿ, ರೀಪಿನ ಅಂಚಿಗೆ ಪೆನ್ಸಿಲ್ ಎಳೆದರು. ಕೋನಮಾಪಕವಿಟ್ಟು ನೋಡಿದರೆ 42ಕ್ಕೂ 43ಕ್ಕೂ ನಡುವೆ ಎಲ್ಲೋ ಇತ್ತು. ಕಾಗದದ ಲೆಕ್ಕದಲ್ಲಿ ಬ್ಲೇಡಿನ ದಪ್ಪ ಬಿಟ್ಟುಹೋಗಿದ್ದರಿಂದ ನನ್ನ ಉತ್ತರದಂತೆ ಕೊಯ್ದ ಪರೀಕ್ಷೆಯ ತುಂಡಿನಲ್ಲಿ ತೋಡು ಎರಡು ಮಿಲ್ಲಿಮೀಟರ್ ಅಗಲವಾಯಿತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಪೆನ್ಸಿಲಿನ ಗೆರೆಗೆ ಹೊಂದಿಸಿ ಎರಡು ದಪ್ಪ ಪಟ್ಟಿಗಳನ್ನು, ನಡುವೆ ಹಲಗೆ ಸಡಿಲವಾಗದಂತೆ ಜಾರುವಷ್ಟು ಜಾಗ ಬಿಟ್ಟು, ಮೇಜಿಗೆ ಕ್ಲಾಂಪ್ ಹಾಕಿ ಬಿಗಿದೆವು. ಒಂದೇ ಪಟ್ಟಿ ಇಡುವುದಾದರೆ ಅದು ನಾವು ನಿಲ್ಲುವ ಕಡೆಗಿರಬೇಕು, ಏಕೆಂದರೆ ಮೇಲ್ಗಡೆಯ ಹಲ್ಲುಗಳು ನಮ್ಮತ್ತ ತಿರುಗುತ್ತಿರುವುದರಿಂದ ಬ್ಲೇಡು ಹಲಗೆಯನ್ನು ನಮ್ಮ ಕಡೆಗೇ ಒತ್ತುತ್ತದೆ. ಆ ಒತ್ತಡವನ್ನು ತಡೆಯಬೇಕಾದದ್ದು ಪಟ್ಟಿಯೇ ಹೊರತು ನಮ್ಮ ಕೈಯಲ್ಲ. ಎರಡೂ ಕಡೆ ಇದ್ದರೆ ಹಲಗೆ ಅಡ್ಡ ಹೋಗುವ ಭಯವೇ ಇಲ್ಲ. ಓರೆಯಲ್ಲಿ ಕೊಯ್ಯುವಾಗ ಬ್ಲೇಡಿನ ಮುಚ್ಚಳವನ್ನೂ, ಸೀಳಿದ ಮರ ಬ್ಲೇಡನ್ನು ಕಚ್ಚದಂತೆ ತಡೆಯುವ ಹಿಂದಿನ ಸೀಳುಪಟ್ಟಿಯನ್ನೂ ತೆಗೆಯಲೇಬೇಕಾಗುತ್ತದೆ, ಹಾಗಾಗಿ ಇದು ಅವಸರದವರ ಕೆಲಸವಲ್ಲ. ಹಲಗೆ ಮೇಲೆ ಮುಚ್ಚಿಕೊಂಡಿರುವಾಗ ಬ್ಲೇಡು ಕಾಣುವುದೇ ಇಲ್ಲ. ಹಲಗೆಯ ಕೊನೆ ದಾಟಿದ ಕೂಡಲೇ ಅದು ಬರಿದಾಗಿ ಎದುರು ನಿಂತಿರುತ್ತದೆ, ಅಪಾಯ ಇರುವುದು ಆ ಒಂದು ಗೇಣಿನಲ್ಲಿ. ಹಲಗೆಯನ್ನು ಒತ್ತಿ ನೂಕಲು ಎರಡು ಮರದ ತುಂಡುಗಳ ಅಡಿಗೆ ಸವೆದ ಹವಾಯಿ ಚಪ್ಪಲಿಯ ಅಟ್ಟೆ ಅಂಟಿಸಿಕೊಂಡೆ. ಅಂಗಡಿಯಲ್ಲಿ ಸಿಗುವ ಯಾವ ಹಿಡಿಯೂ ಅದರಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಬ್ಲೇಡನ್ನು ಒಂದು ಸಲಕ್ಕೆ ಒಂದೂವರೆ ಮಿಲ್ಲಿಮೀಟರಿಗಿಂತ ಹೆಚ್ಚು ಏರಿಸಬಾರದು, ಏಕೆಂದರೆ ಸೀಳಲೆಂದೇ ಮಾಡಿದ ಬ್ಲೇಡಿನ ಮೇಲೆ ಇಲ್ಲಿ ಪಕ್ಕದಿಂದ ಭಾರ ಬೀಳುತ್ತದೆ. ತೆಳ್ಳಗಿನ ಬ್ಲೇಡಾದರೆ ಬಾಗುತ್ತದೆ. ಏಳು ಸಲ ಒಂದೂವರೆ, ಒಂದು ಸಲ ಒಂದು, ಕೊನೆಗೆ ಅರ್ಧ, ಹೀಗೆ ಒಂಬತ್ತು ಏರಿಕೆಗಳು. ಪ್ರತಿ ಏರಿಕೆಗೂ ಮೂರೂ ಹಲಗೆಗಳನ್ನು ಒಂದರ ಹಿಂದೆ ಒಂದು ದಾಟಿಸಿದ್ದರಿಂದ ಒಟ್ಟು 27 ಸಲ ನೂಕಿದ್ದಾಯಿತು. ಒಂದೇ ಹಲಗೆಯನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ಹಿಡಿದಿದ್ದರೆ ಮೂರು ತೋಡುಗಳ ಆಳ ಮೂರು ತೆರನಾಗುತ್ತಿತ್ತು. ಮೊದಲ ಸುತ್ತಿನಲ್ಲಿ ಹಲಗೆಯ ಅಡಿಯಲ್ಲಿ ನಡುವಿನ ಒಂದು ತೆಳು ಪಟ್ಟಿಯಷ್ಟೇ ಕೆರೆದಂತೆ ಕಾಣುತ್ತದೆ. ನಾಲ್ಕನೆಯದರ ಹೊತ್ತಿಗೆ ಅದು ಅಗಲವಾಗುತ್ತಾ ಬದಿಗಳ ಗುರುತಿನತ್ತ ಹರಡುತ್ತದೆ. ಕೊನೆಯ ಅರ್ಧ ಮಿಲ್ಲಿಮೀಟರಿನಲ್ಲಿ ಯಂತ್ರದ ಸದ್ದೇ ಬದಲಾಗಿ, ಅಕ್ಕಿ ಗೇರಿದಂತಹ ಮೆಲ್ಲಗಿನ ದನಿಯಾಗುತ್ತದೆ. ಆ ಕೊನೆಯ ಸುತ್ತನ್ನು ಬೆಳಗ್ಗೆಯೇ ಮುಗಿಸುವುದು ಒಳ್ಳೆಯದು. ಸಂಜೆ ಎಲ್ಲ ಮನೆಗಳಲ್ಲಿ ದೀಪ, ಪಂಪು ಒಟ್ಟಿಗೆ ಚಾಲೂ ಆಗಿ ವೋಲ್ಟೇಜ್ ಕುಸಿದಾಗ ಮೋಟರ್ ಮುಗ್ಗರಿಸುತ್ತದೆ, ಹಲಗೆ ನಿಂತಲ್ಲಿ ಕರಿಗೆರೆ ಸುಟ್ಟು ಉಳಿಯುತ್ತದೆ. ಹಲ್ಲುಗಳಿಗೆ ಹಿಡಿದ ಹಲಸಿನ ಅಂಟನ್ನು ನಡುವೆ ಎರಡು ಸಲ ಪ್ಲಗ್ ಕಿತ್ತು ಸೀಮೆಎಣ್ಣೆಯಲ್ಲಿ ಒರೆಸಬೇಕಾಯಿತು.

ಇಷ್ಟನ್ನೆಲ್ಲ ನಾನು ಮಾಡಿದ್ದು ಎರಡನೆಯ ಪ್ರಯತ್ನದಲ್ಲಿ. ಮೊದಲನೆಯ ಸಲ ಆಚಾರ್ರು ಇನ್ನೊಂದು ಮನೆಯ ಕೆಲಸದಲ್ಲಿದ್ದಾಗ, ಚಂದದ ಭಾಗವನ್ನು ಮೊದಲು ನೋಡುವ ಆಸೆಯಿಂದ, ತೋಡನ್ನೂ ಉರುಟು ನೆತ್ತಿಯನ್ನೂ ಮೊದಲೇ ತೆಗೆದುಬಿಟ್ಟಿದ್ದೆ. ಆಮೇಲೆ ಹಿಂಬದಿಯಲ್ಲಿ ಡ್ರಾಯರಿನ ತಳದ ಹಲಗೆ ಕೂರುವ ಗೀರು ಹಾಕಲು ಅದನ್ನು ಬೋರಲು ಮಲಗಿಸಿದರೆ, ಮೇಜಿಗೆ ತಾಗಲು ಉಳಿದದ್ದು ಕೆಳಗೊಂದು ಎರಡೂವರೆ ಸೆಂಟಿಮೀಟರಿನ ಪಟ್ಟಿ, ಮೇಲೊಂದು ಬೆರಳಿನಷ್ಟು ಅಗಲದ ಏಣು. ಹಲಗೆ ತೊಟ್ಟಿಲಿನಂತೆ ತೂಗಿತು, ಗೀರು ಓರೆಯಾಯಿತು. ಬದಿಯ ಹಲಗೆಗಳ ಡವ್‌ಟೇಲ್ (ಪಾರಿವಾಳದ ಬಾಲದಂತೆ ಅಗಲಿಸಿದ ಹಲ್ಲುಗಳು ಒಂದಕ್ಕೊಂದು ಕಚ್ಚುವ ಮೂಲೆ ಜೋಡಣೆ) ಗುರುತು ಹಾಕಲು ಮೂಲೆಮಟ್ಟವನ್ನು ಒರಗಿಸುವುದಕ್ಕೂ ನೆಟ್ಟಗಿನ ಮುಖ ಉಳಿದಿರಲಿಲ್ಲ. ಒತ್ತಾಯದಿಂದ ಕೂಡಿಸಿದ ಡ್ರಾಯರಿನ ಒಂದು ಮೂಲೆ ನೆಲದಿಂದ 3 ಮಿ.ಮೀ. ಎದ್ದೇ ನಿಂತಿತು. ಆಚಾರ್ರು ಬಂದು ಅದನ್ನು ತಿರುಗಿಸಿ ನೋಡಿ, "ಮಾಷ್ಟ್ರೇ, ಕೂಡಿಸುವ ತನಕ ಮರಕ್ಕೆ ಮೂಲೆ ಬೇಕು. ಮೂಲೆ ತೆಗೆಯಲಿಕ್ಕೆ ಏನವಸರ?" ಎಂದರು. "ಅವಸರ ನನ್ನದೇ ಆಚಾರ್ರೇ" ಎನ್ನದೆ ವಿಧಿಯಿರಲಿಲ್ಲ.

ಆದ್ದರಿಂದ ಎರಡನೆಯ ಸಲ ಹಲಗೆಗಳು ಇಟ್ಟಿಗೆಯಂತೆ ಚೌಕವಾಗಿದ್ದಾಗಲೇ ತಳದ ಗೀರು, ಡವ್‌ಟೇಲಿನ ಕಚ್ಚುಗಳು ಎಲ್ಲವನ್ನೂ ಮುಗಿಸಿ, ಗೋಂದು ಹಾಕದೆ ಒಮ್ಮೆ ಡ್ರಾಯರುಗಳನ್ನು ಕೂಡಿಸಿ, ಗೂಡಿನೊಳಗೆ ಓಡಿಸಿ ನೋಡಿ, ಬಿಚ್ಚಿ, ಅನಂತರವೇ ಓರೆಪಟ್ಟಿಗಳ ನಡುವೆ ಇಳಿಸಿದೆವು. ದಪ್ಪದ ಲೆಕ್ಕವನ್ನು ಮೊದಲೇ ಹಾಕಬೇಕಾದದ್ದೂ ಇದೇ ಕಾರಣಕ್ಕೆ. ತೋಡು 12 ಮಿ.ಮೀ. ತಿಂದ ಮೇಲೆ ಉಳಿಯುವುದು 22. ಅದರಲ್ಲಿ ಡವ್‌ಟೇಲಿಗೆ 16 ಹೋದರೆ ಮುಖದ ಕಡೆ 6 ಮಿ.ಮೀ. ಮರ ಉಳಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ತೋಡಿನ ತಳದಲ್ಲಿ ಒಂದು ದಿನ ಡವ್‌ಟೇಲಿನ ಹಲ್ಲು ಇಣುಕುತ್ತದೆ.

ನೆತ್ತಿಯ ಉರುಟಿಗೆ ಹಲಗೆಯ ಬೆನ್ನನ್ನು ಮೇಜಿಗೆ ಒರಗಿಸಿ, ಬ್ಲೇಡನ್ನು 45 ಡಿಗ್ರಿ ಬಾಗಿಸಿ ಒಂದು ಸಲ, 25 ಡಿಗ್ರಿಯಲ್ಲಿ ಇನ್ನೊಂದು ಸಲ ಮೂಲೆ ಹಾರಿಸಿ, ಉಳಿದ ಏಣುಗಳನ್ನು ಕೀಸುಳಿಯಿಂದ ಇಳಿಸಿದೆ. ಮಧೂರು ದೇವಸ್ಥಾನದ ಆನೆಬೆನ್ನಿನಂತಹ ಗಜಪೃಷ್ಠ ಮಾಡನ್ನು ಚಿಕ್ಕಂದಿನಿಂದ ನೋಡಿದವರಿಗೆ ಉರುಟು ಎಲ್ಲಿ ನಿಲ್ಲಬೇಕೆಂದು ಕಣ್ಣೇ ಹೇಳುತ್ತದೆ.

ತೋಡಿನ ಒಳಮೈಯಲ್ಲಿ ಹಲ್ಲುಗಳು ಬಿಟ್ಟ ಸಣ್ಣ ಸಣ್ಣ ಬಿಲ್ಲುಗೆರೆಗಳು ಎದುರು ಬೆಳಕಿನಲ್ಲಿ ಕಾಣುವುದಿಲ್ಲ. ಕಿಟಕಿಯ ಬದಿಗೆ ಓರೆ ಹಿಡಿದರೆ ಗದ್ದೆಯ ಉಳುಮೆಯಂತೆ ಎದ್ದು ಬರುತ್ತವೆ. ಮೊದಲು ಒಡೆದ ಗಾಜಿನ ಚೂರಿನಿಂದ ಹೆರೆದೆ. ಉಪ್ಪುಕಾಗದಕ್ಕೆ ಬೆಂಬಲವಾಗಿ 110 ಮಿ.ಮೀ.ನ ಪಿವಿಸಿ ಪೈಪಿನ ತುಂಡಿಗೆ ಒದ್ದೆ ಮಾಡಿದ ಅಡಿಕೆ ಹಾಳೆಯನ್ನು ಎರಡು ಸುತ್ತು ಸುತ್ತಿ ಒಣಗಿಸಿದಾಗ ಅದರ ಬಾಗು ತೋಡಿನ ತಳಕ್ಕೆ ಹೆಚ್ಚುಕಡಿಮೆ ಸರಿಹೋಯಿತು. 80, 120, 180, 220 ಎಂಬ ಕ್ರಮದಲ್ಲಿ, ಮರದ ಎಳೆಯ ಉದ್ದಕ್ಕೇ ತಿಕ್ಕಬೇಕು. 120 ಆದ ಮೇಲೆ ಒಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಟ್ಟರೆ, ಅಡಗಿ ಮಲಗಿದ್ದ ಎಳೆಗಳೆಲ್ಲ ಎದ್ದು ನಿಲ್ಲುತ್ತವೆ; ಅವನ್ನು ಆಗಲೇ ತೆಗೆಯದಿದ್ದರೆ ಎಣ್ಣೆ ಹಚ್ಚಿದ ದಿನ ತೊಂದರೆ ಕೊಡುತ್ತವೆ. ಹಚ್ಚಿದ್ದು ಅಗಸೆ ಎಣ್ಣೆ, ಮೂರು ಕೈ. ಗೇರುಬೀಜದ ಸಿಪ್ಪೆಯ ಎಣ್ಣೆ ಮಾಡಿನ ಪಕಾಸುಗಳಿಗೆ ಸರಿ, ಚರ್ಮ ಸುಡುವ ಆ ಎಣ್ಣೆಯನ್ನು ದಿನವೂ ಬೆರಳಿಡುವ ಜಾಗಕ್ಕೆ ಬಳಿಯುವಂತಿಲ್ಲ.

ಎಪ್ರಿಲಿನಲ್ಲಿ ಕೂಡಿಸಿದಾಗ ಪ್ರತಿ ಡ್ರಾಯರಿನ ಮೇಲ್ಗಡೆ ಎರಡು ಮಿಲ್ಲಿಮೀಟರ್ ಸಂದು ಬಿಟ್ಟಿದ್ದೆ. ಆಟಿಯ ಮಳೆಯಲ್ಲಿ ಮರ ಉಬ್ಬಿ ಆ ಸಂದು ಒಂದು ಪೋಸ್ಟ್‌ಕಾರ್ಡು ತೂರುವಷ್ಟಕ್ಕೆ ಇಳಿಯಿತು. ನಡುವಿನದು ಮಾತ್ರ ಬಲಮೂಲೆಯಲ್ಲಿ ಕಚ್ಚಿಕೊಂಡಿತು, ಅಲ್ಲಿ ಕೀಸುಳಿ ಎರಡು ಸಲ ಓಡಿಸಿದೆ. ಹಾಳಾದ ಮೊದಲ ಹಲಗೆ ಈಗ ನನ್ನ ಮೇಜಿನ ಮೇಲಿದೆ. ಅದರ ತೋಡಿನಲ್ಲಿ ಪೆನ್ಸಿಲುಗಳು ಉರುಳದೆ ಮಲಗುತ್ತವೆ, ಒಂದು ಮೂಲೆಯ ಅಡಿಗೆ ಮಡಚಿದ ಬಸ್ ಟಿಕೆಟ್ ಇಟ್ಟಿದ್ದೇನೆ.