1965ರ ಫೋರ್ಡ್ ಎಫ್-100: ಸಿಲಿಂಡರ್ ಹೆಡ್ ಬಿಚ್ಚಿದ ಮೇಲೆ ತಿಳಿದದ್ದು

ಮಿಷಿಗನ್ನಿನ ನಮ್ಮ ಗ್ಯಾರೇಜಿನಲ್ಲಿ ಹೋದ ಚಳಿಗಾಲದಿಂದ ನಿಂತಿರುವ 1965ರ ಫೋರ್ಡ್ ಎಫ್-100 ಪಿಕಪ್ಪಿನ ಕೆಲಸ ಬಿಚ್ಚುವ ಹಂತ ದಾಟಿ ಕೂಡಿಸುವ ಹಂತಕ್ಕೆ ಬಂದಿದೆ. ಕೊಂಡಾಗ ನನ್ನ ಯೋಜನೆ ಬಹಳ ಸರಳವಾಗಿತ್ತು: ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ಕೂರಿಸುವುದು, ಹಳೆಯ ಆರು ಸಿಲಿಂಡರಿನ ಎಂಜಿನ್ನನ್ನು ತೆಗೆದು ಅದರ ಜಾಗದಲ್ಲಿ ಯಾವುದಾದರೊಂದು ಎಂಟು ಸಿಲಿಂಡರಿನ ವಿ-8 ಎಂಜಿನ್ ಇಡುವುದು. ಈಗ ತಗಡಿನ ಕೆಲಸ ಹೇಳಿದಂತೆಯೇ ನಡೆಯುತ್ತಿದೆ, ವಿ-8 ವಿಚಾರವನ್ನು ಮಾತ್ರ ಪೂರ್ತಿ ಕೈಬಿಟ್ಟಿದ್ದೇನೆ. ಹಾಗೇಕೆ ಮಾಡಿದೆ ಎಂಬುದೇ ಈ ಸಲದ ವರದಿಯ ಬಹುಪಾಲು.

ಮೊದಲು ತಗಡಿನ ಮಾತನ್ನು ಮುಗಿಸಿಬಿಡುತ್ತೇನೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಕ್ಯಾಬಿನ್ನಿನ ಹಿಂದಿನ ಎರಡೂ ಮೂಲೆಗಳನ್ನೂ ಚಾಲಕನ ಕಾಲಡಿಯ ನೆಲವನ್ನೂ ತಿಂದುಹಾಕಿತ್ತು. ಹಿಂದಿನ ಮಾಲೀಕರೊಬ್ಬರು ಅದರ ಮೇಲೆ ಧಾರಾಳವಾಗಿ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರಿಂದ ಕೊಳ್ಳುವಾಗ ನನಗೆ ಗೊತ್ತಾಗಲಿಲ್ಲ. ನಮ್ಮೂರಿನಲ್ಲಿ ಟಿಂಕರಿಂಗ್ ಎನ್ನುವ ಈ ಕೆಲಸಕ್ಕೆ ಎಂಟು ವಾರಾಂತ್ಯಗಳು ಹಿಡಿದವು. ನೆಲ ವೆಲ್ಡ್ ಆಗಿದೆ, ಬಲಮೂಲೆ ಮುಗಿದಿದೆ, ಎಡಮೂಲೆ ಬಾಕಿ ಇದೆ. ಕ್ಯಾಬಿನ್ನಿಗೂ ಹಿಂದಿನ ಸರಕಿನ ಪೆಟ್ಟಿಗೆಗೂ ನಡುವೆ ಇರುವ ಸಂದನ್ನು ನೋಡಿದಾಗಲೆಲ್ಲ ನಾನು 1965ರ ಗಾಡಿಯನ್ನೇ ಆರಿಸಿದ್ದಕ್ಕೆ ಸಮಾಧಾನಪಡುತ್ತೇನೆ. ಏಕೆಂದರೆ ಇದೇ ಪೀಳಿಗೆಯ ಮೊದಲ ವರ್ಷಗಳಲ್ಲಿ, ಎಂದರೆ 1961ರಿಂದ 1963ರವರೆಗೆ, ನುಣುಪು ಬದಿಯ ಸ್ಟೈಲ್‌ಸೈಡ್ ಮಾದರಿಯಲ್ಲಿ ಫೋರ್ಡ್ ಕ್ಯಾಬಿನ್ನನ್ನೂ ಪೆಟ್ಟಿಗೆಯನ್ನೂ ಒಂದೇ ಒಡಲಾಗಿ ಬೆಸೆದು ಮಾರುತ್ತಿತ್ತು. ಪಿಕಪ್ಪಿನ ಚೌಕಟ್ಟು ಭಾರ ಬಿದ್ದಾಗ ಸ್ವಲ್ಪ ತಿರುಚಿಕೊಳ್ಳುವುದು ಸಹಜ. ಎರಡು ಭಾಗಗಳು ಬೇರೆಯಾಗಿದ್ದರೆ ಆ ತಿರುಚು ನಡುವಿನ ಸಂದಿನಲ್ಲೇ ಕರಗಿಹೋಗುತ್ತದೆ, ಒಂದಾಗಿದ್ದರೆ ನೇರವಾಗಿ ಬಾಗಿಲಿನ ಚೌಕಟ್ಟಿಗೆ ಬರುತ್ತದೆ. ಹೆಚ್ಚು ಸರಕು ಹೇರಿದರೆ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ ಎಂಬ ದೂರುಗಳ ನಡುವೆ ಕಂಪನಿ ಮತ್ತೆ ಹಳೆಯ ಬೇರ್ಪಟ್ಟ ಪೆಟ್ಟಿಗೆಗೇ ಮರಳಿತು.

ಈಗ ಎಂಜಿನ್. ಗಾಡಿಯ ಗುರುತಿನ ಫಲಕದ ಪ್ರಕಾರ ಇದಕ್ಕೆ ಕಾರ್ಖಾನೆಯಲ್ಲಿ ಕೂರಿಸಿದ್ದು 240 ಘನ ಅಂಗುಲದ ಆರು ಸಿಲಿಂಡರ್ ಎಂಜಿನ್. 1965ರ ಮಾದರಿಗೆ ಫೋರ್ಡ್ ಹಳೆಯ 223ರ ಜಾಗದಲ್ಲಿ 240 ಮತ್ತು 300 ಎಂಬ ಎರಡು ಹೊಸ ಆರು ಸಿಲಿಂಡರಿನ ಎಂಜಿನ್ನುಗಳನ್ನು ತಂದಿತ್ತು. ಎರಡಕ್ಕೂ ಬೋರ್, ಎಂದರೆ ಸಿಲಿಂಡರಿನ ಅಗಲ, ಒಂದೇ, ನಾಲ್ಕು ಅಂಗುಲ. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರವಾದ ಸ್ಟ್ರೋಕ್ ಮಾತ್ರ 240ರಲ್ಲಿ 3.18 ಅಂಗುಲ, 300ರಲ್ಲಿ 3.98 ಅಂಗುಲ. ಬ್ಲಾಕಿನ ಎತ್ತರವೂ ಒಂದೇ ಆಗಿರುವುದರಿಂದ ಕ್ರ್ಯಾಂಕ್ ಉದ್ದ ಹೊಡೆತದ್ದಾದಷ್ಟೂ ಅದನ್ನು ಪಿಸ್ಟನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಗಿಡ್ಡವಾಗುತ್ತದೆ. ಹೀಗಾಗಿ ಹೊರಗಿನಿಂದ ನೋಡಿ ಇದು ಯಾವುದೆಂದು ಹೇಳುವುದು ಕಷ್ಟ. ನಾನಂತೂ ಫಲಕವನ್ನೇ ನಂಬಿ, ಈ ಬಡಪಾಯಿ 240ನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದುಕೊಂಡಿದ್ದೆ.

ಹೆಡ್ ಗ್ಯಾಸ್ಕೆಟ್ ಸೋರುತ್ತಿದ್ದುದರಿಂದ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡನ್ನು ಇಳಿಸಿದೆ. ಕುತೂಹಲಕ್ಕೆಂದು ಮೊದಲ ಪಿಸ್ಟನ್ನನ್ನು ತೀರ ಕೆಳಗಿಳಿಸಿ ಆಳವನ್ನು ಅಳೆದೆ, ಮತ್ತೆ ತೀರ ಮೇಲಕ್ಕೆ ತಂದು ಅಳೆದೆ. ವ್ಯತ್ಯಾಸ ನಾಲ್ಕು ಅಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ ಬಂತು. ಅಳತೆಪಟ್ಟಿಯ ಮೇಲೆ ಅನುಮಾನ ಬಂದು ಬೇರೆಯದನ್ನು ತಂದು ನೋಡಿದರೂ ಅಷ್ಟೇ. ಆಮೇಲೆ ಬ್ಲಾಕಿನ ಬದಿಯ ಗ್ರೀಸು ಕೆರೆದಾಗ ಎರಕದ ಅಕ್ಷರಗಳು ಕಂಡವು: ಡಿ7ಟಿಇ. ಫೋರ್ಡಿನ ಸಂಕೇತದಲ್ಲಿ ಡಿ ಎಂದರೆ 1970ರ ದಶಕ, 7 ಎಂದರೆ ಆ ದಶಕದ ಏಳನೆಯ ವರ್ಷ, ಟಿ ಎಂದರೆ ಟ್ರಕ್ಕು, ಇ ಎಂದರೆ ಎಂಜಿನ್. ಎಂದರೆ 1977ರಲ್ಲಿ ವಿನ್ಯಾಸಗೊಂಡ ಬ್ಲಾಕು. ಯಾರೋ ಪುಣ್ಯಾತ್ಮರು ಹಳೆಯ 240 ಸತ್ತಾಗ ಮುಂದಿನ ಪೀಳಿಗೆಯ ಗಾಡಿಯಿಂದ ಒಂದು 300ನ್ನು ತಂದು ಸದ್ದಿಲ್ಲದೆ ಕೂರಿಸಿಬಿಟ್ಟಿದ್ದಾರೆ.

ವಿ-8 ಬೇಡವೆಂದು ತೀರ್ಮಾನಿಸಿದ್ದು ಇಲ್ಲಿಯೇ. 1965ರಲ್ಲಿ 300ಕ್ಕೆ 170 ಅಶ್ವಶಕ್ತಿ ಎಂದು ಬರೆದುಕೊಳ್ಳುತ್ತಿದ್ದರು, ಆದರೆ ಅದು ಫ್ಯಾನು, ಸೈಲೆನ್ಸರ್ ಮುಂತಾದವನ್ನು ಕಳಚಿ ಅಳೆದ ಒಟ್ಟು ಲೆಕ್ಕ. 1972ರ ಸುಮಾರಿಗೆ ಅಮೆರಿಕದ ಕಂಪನಿಗಳು ನಿವ್ವಳ ಲೆಕ್ಕಕ್ಕೆ ಬದಲಾದಾಗ ಕಾಗದದ ಮೇಲೆ ಎಲ್ಲ ಎಂಜಿನ್ನುಗಳೂ ಒಮ್ಮೆಲೇ ಸೊರಗಿದಂತೆ ಕಂಡವು. ನನಗೆ ಮುಖ್ಯವೆನಿಸಿದ್ದು ಅಶ್ವಶಕ್ತಿಯಲ್ಲ, ಒಳಗಿನ ಕಟ್ಟುಮಸ್ತು: ಆರು ಸಿಲಿಂಡರಿಗೆ ಏಳು ಮುಖ್ಯ ಬೇರಿಂಗುಗಳು, ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನು ತಿರುಗಿಸಲು ಚೈನಿನ ಬದಲು ನೇರವಾಗಿ ಕೂಡುವ ಹಲ್ಲುಗಾಲಿಗಳು, ಮತ್ತು ಬೋರಿಗೆ ಹೆಚ್ಚುಕಡಿಮೆ ಸಮನಾದ ಸ್ಟ್ರೋಕ್ ಇರುವುದರಿಂದ ಕಡಿಮೆ ವೇಗದಲ್ಲೇ ಸಿಗುವ ಎಳೆತ. 240 ಎಪ್ಪತ್ತರ ದಶಕದಲ್ಲೇ ಮರೆಯಾಯಿತು, 300 ಮಾತ್ರ 1987ರಲ್ಲಿ ಫ್ಯುಯಲ್ ಇಂಜೆಕ್ಷನ್ ಪಡೆದು 1996ರವರೆಗೆ ನಡೆಯಿತು. ಇಲ್ಲಿ ಮನೆಮನೆಗೆ ಪಾರ್ಸೆಲ್ ಹಂಚುತ್ತಿದ್ದ ಕಂದುಬಣ್ಣದ ಯುಪಿಎಸ್ ವ್ಯಾನುಗಳಲ್ಲಿಯೂ ಇದೇ ಎಂಜಿನ್ ದುಡಿದಿದೆ. ಇಂಥದ್ದನ್ನು ಕಿತ್ತೆಸೆಯಲು ಮನಸ್ಸು ಬರಲಿಲ್ಲ.

ಸಿಲಿಂಡರುಗಳು ಸವೆದು ಮೇಲ್ತುದಿಯಲ್ಲಿ ಉಗುರಿಗೆ ಸಿಗುವಷ್ಟು ಏಣು ಉಳಿದಿತ್ತು. ಮಷೀನ್ ಶಾಪಿನಲ್ಲಿ 0.030 ಅಂಗುಲ ಹೆಚ್ಚಿಗೆ ಬೋರ್ ಮಾಡಿಸಿದ್ದರಿಂದ ಲೆಕ್ಕಕ್ಕೆ ಈಗ ಇದು ಸುಮಾರು 305 ಘನ ಅಂಗುಲ, ಸರಿಯಾಗಿ ಐದು ಲೀಟರ್. ಕ್ಯಾಮಿನ ಹಲ್ಲುಗಾಲಿ ಫೈಬರಿನದ್ದು. ಸದ್ದು ಕಡಿಮೆಯಾಗಲೆಂದು ಮಾಡಿದ ಈ ಏರ್ಪಾಡಿನಲ್ಲಿ ವಯಸ್ಸಾದ ಮೇಲೆ ಹಲ್ಲು ಮುರಿಯುವುದು ಈ ಎಂಜಿನ್ನಿನ ಬಹುಶಃ ಒಂದೇ ಹೆಸರಾಂತ ಕಾಯಿಲೆ. ನನ್ನದರಲ್ಲಿ ಎರಡು ಹಲ್ಲುಗಳ ಬುಡದಲ್ಲಿ ಬಿರುಕು ಕಂಡಿತು. ಲೋಹದ ಜೋಡಿಯನ್ನು ತರಿಸಿದ್ದೇನೆ, ಸ್ವಲ್ಪ ಕೊರಗುಟ್ಟುತ್ತದೆಯಂತೆ, ಗುಟ್ಟಲಿ.

ಮುಂಗಾಲಿಗಳ ಕೆಲಸ ಕಳೆದ ತಿಂಗಳು ಮುಗಿಯಿತು. ಅದುವರೆಗೆ ಎರಡು ಚಕ್ರಗಳಿಗೆ ಅಡ್ಡಲಾಗಿ ಒಂದೇ ಗಟ್ಟಿ ಅಕ್ಸಲ್ಲು, ಅದರ ಮೇಲೆ ಪ್ಲೇಟು ಸ್ಪ್ರಿಂಗುಗಳು ಇದ್ದ ಕಡೆ 1965ರಲ್ಲಿ ಟ್ವಿನ್ ಐ-ಬೀಮ್ ಬಂತು. ಇದರಲ್ಲಿ ಎಡಚಕ್ರದ ತೊಲೆ ಚೌಕಟ್ಟಿನ ಬಲಬದಿಗೂ ಬಲಚಕ್ರದ ತೊಲೆ ಎಡಬದಿಗೂ ಕೀಲು ಹಾಕಿಕೊಂಡು ಒಂದನ್ನೊಂದು ದಾಟಿ ಹೋಗುತ್ತವೆ, ಭಾರವನ್ನು ಸುರುಳಿ ಸ್ಪ್ರಿಂಗು ಹೊರುತ್ತದೆ. ಒಂದು ಚಕ್ರ ಗುಂಡಿಗಿಳಿದರೆ ಇನ್ನೊಂದಕ್ಕೆ ಅದರ ಏಟು ತಟ್ಟುವುದಿಲ್ಲ. ತೊಂದರೆಯೆಂದರೆ ಚಕ್ರ ಮೇಲೆ ಕೆಳಗೆ ಆಡುವಾಗ ಕಮಾನಿನಂತೆ ಚಲಿಸುವುದರಿಂದ ಅದರ ಓರೆಯೂ ಬದಲಾಗುತ್ತದೆ. ನನ್ನ ಗಾಡಿಯ ಸ್ಪ್ರಿಂಗುಗಳು ಕುಸಿದು ಚಕ್ರಗಳ ತಲೆ ಒಳಕ್ಕೆ ವಾಲಿ, ಟೈರುಗಳ ಒಳಅಂಚು ಮಾತ್ರ ಬೋಳಾಗಿತ್ತು. ಹೊಸ ಸ್ಪ್ರಿಂಗು, ಹೊಸ ಬುಷ್ಷು, ಹೊಸ ಕಿಂಗ್ ಪಿನ್ನು ಹಾಕಿದ ಮೇಲೆ ನೆಟ್ಟಗಾಗಿದೆ. 300 ಎಂಜಿನ್ನೂ ಈ ತೊಲೆಗಳೂ ಒಂದೇ ವರ್ಷ ಬಂದು, ಎಫ್-100ರ ಜಾಗಕ್ಕೆ ಬಂದ ಎಫ್-150ರಲ್ಲಿ 1996ರವರೆಗೆ ಜೊತೆಯಾಗಿಯೇ ಉಳಿದವು ಎಂಬುದು ಬುಷ್ಷು ಒತ್ತುತ್ತಾ ಕೂತಾಗ ಹೊಳೆದ ವಿಷಯ.

ಮೂಲದಂತೆ ಉಳಿಸಿಕೊಳ್ಳದೆ ಬದಲಿಸುತ್ತಿರುವುದು ಬ್ರೇಕನ್ನು ಮಾತ್ರ. ಪೆಡಲ್ಲು ಒತ್ತಿದಾಗ ಬ್ರೇಕಿನ ಎಣ್ಣೆಯನ್ನು ಚಕ್ರಗಳತ್ತ ತಳ್ಳುವ 1965ರ ಮಾಸ್ಟರ್ ಸಿಲಿಂಡರಿನಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ದಾರಿ. ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ಪೆಡಲ್ಲು ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಮುಂದೆ ಹಿಂದೆ ಬೇರೆಬೇರೆ ದಾರಿಗಳಿರುವ, 1967ರ ನಂತರದ ಮಾದರಿಯ ಸಿಲಿಂಡರನ್ನು ಹಾಕಿ, ತುಕ್ಕು ಹಿಡಿದ ಕೊಳವೆಗಳನ್ನೆಲ್ಲ ಹೊಸದಾಗಿ ಬಾಗಿಸುತ್ತಿದ್ದೇನೆ. ಸೀಟಿನ ಬೆನ್ನಿಗೇ ಅಂಟಿಕೊಂಡಿರುವ ಪೆಟ್ರೋಲ್ ಟ್ಯಾಂಕಿನ ಬಗ್ಗೆಯೂ ಮನೆಯಾಕೆಯ ಆಕ್ಷೇಪವಿದೆ. ವಾಸನೆಯ ಮೂಲ ಒಣಗಿದ ರಬ್ಬರ್ ಕೊಳವೆ ಎಂದು ತಿಳಿದಿದ್ದರಿಂದ ಸದ್ಯಕ್ಕೆ ಅದನ್ನಷ್ಟೇ ಬದಲಿಸಿದ್ದೇನೆ.

ಸ್ಟಿಯರಿಂಗ್ ಕಂಬದ ಮೇಲಿನ ಮೂರು ಗೇರುಗಳ ಸನ್ನೆಕೋಲು ಸಡಿಲವಾಗಿದ್ದು ಮೊದಲನೆಯದರಿಂದ ಎರಡನೆಯದಕ್ಕೆ ಹಾಕುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ನಮ್ಮಪ್ಪನ ಅಂಬಾಸಡರಿನಲ್ಲಿಯೂ ಹೀಗೆಯೇ ಆಗುತ್ತಿತ್ತು, ಅವರು ಬಾನೆಟ್ ಎತ್ತಿ ಕೋಲುಗಳನ್ನು ಕೈಯಲ್ಲೇ ಬಿಡಿಸಿ ಹೊರಡುತ್ತಿದ್ದರು. ಇದರ ಬುಷ್ಷುಗಳು ಇನ್ನೂ ಬಂದಿಲ್ಲ. ಬ್ಲಾಕು ಮಷೀನ್ ಶಾಪಿನಿಂದ ಮನೆಗೆ ಬಂದು ಸ್ಟ್ಯಾಂಡಿನ ಮೇಲೆ ಕೂತಿದೆ. ಬರುವ ಶನಿವಾರ ಕ್ರ್ಯಾಂಕ್ ಕೂರಿಸಿ ಏಳೂ ಬೇರಿಂಗುಗಳ ಸಂದನ್ನು ಅಳೆಯಬೇಕು.