ಆರ್‌ವಿ ಬಾಗಿಲ ಕೊನೇ ಮೆಟ್ಟಿಲು

"ನಾನೇ ನೋಡ್ಕೊಂಡು ಇಳೀಬೇಕಿತ್ತು ಕಣೇ."

ನೆಲದ ಮೇಲೆ ಕೂತೇ ಅಮ್ಮ ಹೇಳಿದ ಮೊದಲ ಮಾತಿದು. ಮೊಣಕಾಲು ತರಚಿತ್ತು. ಬಲಗೈಯಿಂದ ಎಡಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನೋವು ಅಂತಲೂ ಅನ್ನಲಿಲ್ಲ. ಮಂಗಳವಾರ ಬೆಳಗ್ಗೆಯಿಂದ ಈ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ಅಮೆರಿಕದ ಫೀನಿಕ್ಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಗೆ ಹೋಗಿದ್ದೆವು. ಅಮ್ಮನಿಗೆ ಹೋಟೆಲ್ ಊಟ ಒಗ್ಗಲ್ಲ, ದಾರಿಯಲ್ಲಿ ಬಾತ್‌ರೂಮಿಗೆ ಪರದಾಡೋದೂ ಬೇಡ ಅಂತ ಆರ್‌ವಿ, ಅಂದರೆ ಒಳಗೇ ಮಲಗೋ ಜಾಗ, ಅಡಿಗೆ ಒಲೆ, ಬಾತ್‌ರೂಮ್ ಇರೋ ಗಾಡಿ, ಬಾಡಿಗೆಗೆ ತಗೊಂಡೆವು. 25 ಅಡಿಯದು. ಕಣಿವೆಯ ದಕ್ಷಿಣ ಅಂಚಿನಲ್ಲಿ (ಸೌತ್ ರಿಮ್) ಇಂಥ ಗಾಡಿ ನಿಲ್ಲಿಸೋ ಟ್ರೈಲರ್ ವಿಲೇಜ್‌ನಲ್ಲಿ ಜಾಗ ಸಿಕ್ಕಿತ್ತು. ಮೊದಲ ರಾತ್ರಿ ಅಮ್ಮ ಅದರೊಳಗೇ ಉಪ್ಪಿಟ್ಟು ಮಾಡಿದ್ದಳು, ಏನು ಖುಷಿ ಅವಳಿಗೆ.

ನಮ್ಮ ಜಾಗ ಬಾಗಿಲಿನ ಕಡೆಗೆ ಸ್ವಲ್ಪ ಇಳಿಜಾರಿತ್ತು. ಗಾಡಿ ಮಟ್ಟವಾಗಿ ನಿಲ್ಲದಿದ್ದರೆ ಮಲಗೋಕೆ ಆಗಲ್ಲ, ಗ್ಯಾಸ್‌ನಲ್ಲಿ ಓಡೋ ಫ್ರಿಜ್ಜೂ ಸರಿಯಾಗಿ ತಣ್ಣಗಾಗಲ್ಲ. ಅದಕ್ಕೆ ನಮ್ಮನೆಯವರು ಆ ಕಡೆಯ ಚಕ್ರಗಳ ಕೆಳಗೆ ಪ್ಲಾಸ್ಟಿಕ್ ಬ್ಲಾಕ್ ಇಟ್ಟು ಎತ್ತರಿಸಿದರು. ಗಾಡಿ ಮಟ್ಟವಾಯಿತು. ಬಾಗಿಲ ಕೆಳಗಿನ ಮಡಿಸೋ ಮೆಟ್ಟಿಲೂ ಗಾಡಿಯ ಜೊತೆ ಮೇಲೆ ಹೋಯಿತು. ಅದು ನಮ್ಮಿಬ್ಬರ ಗಮನಕ್ಕೇ ಬರಲಿಲ್ಲ.

ಬೆಳಗ್ಗೆ ಅಮ್ಮ ಕಾಫಿ ಲೋಟ ಹಿಡಿದು ಹೊರಗೆ ಹೊರಟಳು. ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದಿದ್ದಳು. ಕೊನೇ ಮೆಟ್ಟಿಲಿಂದ ಕಾಲು ಕೆಳಗಿಟ್ಟರೆ ನೆಲ ಸಿಗಲೇ ಇಲ್ಲ. ಭಾರವೆಲ್ಲ ಬಾಗಿಲ ಮೇಲೆ ಬಿತ್ತು. ಬಾಗಿಲು ಹೊರಕ್ಕೆ ತಿರುಗಿತು, ಅವಳನ್ನೂ ಎಳೆದುಕೊಂಡೇ ಹೋಯಿತು. ನಾನು ಒಲೆ ಮುಂದೆ ನಿಂತು ನೋಡಿದೆ. ಮೂರು ಹೆಜ್ಜೆ ದೂರ ಅಷ್ಟೇ, ಹಿಡಿಯೋಕೆ ಆಗಲಿಲ್ಲ.

"ಅತ್ತೆ, ಸ್ವಲ್ಪ ಹುಷಾರಾಗಿ ಇಳೀಬೇಕಲ್ವಾ" ಅಂದರು ನಮ್ಮನೆಯವರು, ಅಮ್ಮನನ್ನು ಎಬ್ಬಿಸುತ್ತಾ. ಕಾಳಜಿಯಿಂದಲೇ ಅಂದದ್ದು, ಗೊತ್ತು. ಆದರೂ ನನಗೆ ಎಷ್ಟು ಸಿಟ್ಟು ಬಂತೆಂದರೆ! ಅಮ್ಮ ತಲೆಯಾಡಿಸಿ ಮತ್ತೆ ಅದನ್ನೇ ಹೇಳಿದಳು. ನಾನೇ ನೋಡ್ಕೊಂಡು ಇಳೀಬೇಕಿತ್ತು.

ಮೂಳೆ ಮುರಿದಿರಲಿಲ್ಲ, ಉಳುಕು ಅಂದರು ಡಾಕ್ಟರು. ವಾಪಸ್ ಬಂದ ಮೇಲೆ ಟೇಪ್ ಹಿಡಿದು ಅಳೆದೆ. ನೆಲದಿಂದ ಆ ಕೊನೇ ಮೆಟ್ಟಿಲಿಗೆ 14 ಇಂಚು. ಇಲ್ಲಿ ಮನೆ ಕಟ್ಟೋವಾಗ ಹೆಚ್ಚಿನ ಕಡೆ ಅನುಸರಿಸುವ ಮಾದರಿ ನಿಯಮದಲ್ಲಿ ಒಂದು ಮೆಟ್ಟಿಲು 7¾ ಇಂಚಿಗಿಂತ ಎತ್ತರ ಇರೋ ಹಾಗಿಲ್ಲ. ಅದರ ಹತ್ತಿರ ಹತ್ತಿರ ಎರಡರಷ್ಟು ಎತ್ತರದಿಂದ 71 ವರ್ಷದ ಅಮ್ಮ ಲೋಟ ಹಿಡಿದು ಇಳಿದಿದ್ದಳು.

ಇನ್ನು ನೋಡಿಕೊಂಡು ಇಳಿಯೋ ಮಾತು. ಅವಳದು ಎರಡು ಪವರ್‌ನ ಕನ್ನಡಕ. ಕೆಳಗೆ ನೋಡಿದರೆ ಓದೋ ಗಾಜಿನ ಭಾಗದಿಂದ ನೋಡಿದ ಹಾಗಾಗುತ್ತೆ. ಕೈಯಲ್ಲಿರೋ ಪುಸ್ತಕ ಚೆನ್ನಾಗಿ ಕಾಣುತ್ತೆ, ಕಾಲ ಕೆಳಗಿನ ನೆಲ ಮಸುಕು. ಅವಳು ನೋಡಿದ್ದಳು. ನೋಡಿದರೂ ಕಾಣಿಸಿರಲಿಲ್ಲ.

ಗಾಡಿ ಬಾಡಿಗೆಗೆ ಕೊಟ್ಟ ಕಡೆಯ ಹುಡುಗ ಮುಕ್ಕಾಲು ಗಂಟೆ ಎಲ್ಲ ತೋರಿಸಿದ್ದ. ಟ್ಯಾಂಕ್ ಖಾಲಿ ಮಾಡೋದು, ಜನರೇಟರ್, ಬಿಸಿನೀರಿನ ಸ್ವಿಚ್ಚು. ಒಳ್ಳೆ ಹುಡುಗ, ಅಮ್ಮನನ್ನು ಕೈಹಿಡಿದು ಹತ್ತಿಸಿದ್ದೂ ಅವನೇ. ಆದರೆ ಮೆಟ್ಟಿಲ ಬಗ್ಗೆ ಒಂದು ಮಾತೂ ಬರಲಿಲ್ಲ. ಕೈಹಿಡಿದು ಹತ್ತಿಸಬೇಕಾಯಿತು ಅಂದಾಗಲೇ ನಮಗೆ ಹೊಳೀಬೇಕಿತ್ತು.

ಪಕ್ಕದ ಜಾಗದಲ್ಲಿದ್ದ ಅಜ್ಜ ಎಲ್ಲ ನೋಡಿದ್ದರು. ಮಧ್ಯಾಹ್ನ ಒಂದು ಅಲ್ಯೂಮಿನಿಯಂ ಮಣೆ ಎತ್ತಿಕೊಂಡು ಬಂದರು. ನಾಲ್ಕು ಕಾಲು, ಒಂದೊಂದನ್ನೂ ಬೇರೆ ಬೇರೆ ಎತ್ತರಕ್ಕೆ ನಿಲ್ಲಿಸಬಹುದು. ಕೆಳಗೆ ರಬ್ಬರ್ ಬೂಟು. ಮೇಲೆ ಉಪ್ಪು ಕಾಗದದಂಥ ಒರಟು ಪಟ್ಟಿ, ಇಬ್ಬನಿ ಬಿದ್ದರೂ ಕಾಲು ಜಾರಲ್ಲ. ಅಂಚಿಗೆ ಬಿಳಿ ಟೇಪು. ಒಂದು ಬದಿಗೆ ಸೊಂಟದೆತ್ತರದ ಕಂಬಿ, ಬೋಲ್ಟ್ ಬಿಚ್ಚಿದರೆ ಬೇರೆಯಾಗುತ್ತೆ. ಅವರ ಹೆಂಡತಿಗೆ ಸೊಂಟದ ಆಪರೇಷನ್ ಆದಾಗ ತಗೊಂಡಿದ್ದಂತೆ.

ಅವರು ಅದನ್ನು ಇಟ್ಟ ರೀತಿ ನೋಡಬೇಕಿತ್ತು. ಕಾಲುಗಳನ್ನು 7 ಇಂಚಿಗೆ ನಿಲ್ಲಿಸಿದರು. ಒಂದು ಕಾಲು ಮೆತ್ತಗಿನ ಮಣ್ಣಿಗೆ ಇಳಿಯುತ್ತಿತ್ತು, ಅದರಡಿಗೆ ಹಲಗೆ ತುಂಡು ಕೊಟ್ಟರು. ಆಮೇಲೆ ನಾಲ್ಕೂ ಮೂಲೆಯನ್ನು ಅಂಗೈಯಿಂದ ಒತ್ತಿ ಒತ್ತಿ ನೋಡಿದರು, ಕೊನೆಗೆ ತಾವೇ ಹತ್ತಿ ನಿಂತು ಕಂಬಿ ಅಲ್ಲಾಡಿಸಿದರು. ಒಂದು ಚೂರೂ ಅಲುಗಲಿಲ್ಲ.

ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಜ್ಜ ಬಾಗಿಲನ್ನು ತಟ್ಟಿ ಬೇಡ ಅನ್ನೋ ಹಾಗೆ ತಲೆಯಾಡಿಸಿದರು. ಬಾಗಿಲ ಪಕ್ಕದ ಗೋಡೆ ಹಿಡಿಕೆ ತಟ್ಟಿ, ಕಂಬಿ ತಟ್ಟಿ, ಎರಡೂ ಕೈ ತೋರಿಸಿದರು. ಆಮೇಲೆ ಬೆನ್ನು ಹೊರಗೆ ಮಾಡಿ, ಮುಖ ಗಾಡಿ ಕಡೆ ಇಟ್ಟು ಹಿಂದುಹಿಂದಕ್ಕೆ ಇಳಿದು ತೋರಿಸಿದರು.

"ಓ, ಅಟ್ಟದಿಂದ ಇಳಿಯೋ ಹಾಗೆ!" ಅಂದಳು ಅಮ್ಮ. ಗಾಡಿ ಕಡೆ ಮುಖ ಮಾಡಿ ಇಳಿದೇಬಿಟ್ಟಳು.

ಈ ಅಮ್ಮ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಎಷ್ಟು ಸಲ ಹತ್ತಿಲ್ಲ! ನಮ್ಮೂರು ಚನ್ನರಾಯಪಟ್ಟಣ, ಪಕ್ಕದಲ್ಲೇ. ಬಂಡೆಯಲ್ಲಿ ಕಡೆದ 600ಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲು, ಬಿಸಿಲು. ಹಿಡಿಯೋಕೆ ಕಬ್ಬಿಣದ ಕಂಬಿ ಇದೆ. ಅಲ್ಲಿ ಕಂಬಿ ಹಿಡಿದವರನ್ನು ಯಾರೂ ಮುದುಕರಾದರು ಅನ್ನಲ್ಲ.

ಎಲ್ಲೆಲ್ಲಿ ಅಮ್ಮ ಹೀಗೆ ತಪ್ಪು ತನ್ನ ಮೇಲೆ ಹಾಕಿಕೊಂಡಿದ್ದಾಳೆ ಅಂತ ಈ ವಾರವೆಲ್ಲ ನೆನಪಾಗುತ್ತಿದೆ. ಕೆಂಪು ಬಸ್ಸಿನ ಎತ್ತರದ ಮೆಟ್ಟಿಲಲ್ಲಿ ಸೀರೆ ನೆರಿಗೆ ಹಿಡಿದು ಇಳಿಯುವಾಗ "ಬೇಗ ಇಳೀರಮ್ಮ" ಅಂತ ಕಂಡಕ್ಟರ್ ಕೂಗಿದರೆ, ಇವಳೇ "ನಂದು ನಿಧಾನ ಆಯ್ತು" ಅನ್ನೋಳು. ಛತ್ರದ ಊಟದ ಹಾಲ್‌ನಿಂದ ಇಳಿಯುವಾಗ ಎಡವಿದರೂ "ನನ್ನ ಗ್ಯಾನ ಎಲ್ಲೋ ಇತ್ತು". ಬಸ್ಸಿನ ಮೆಟ್ಟಿಲು ಯಾಕೆ ಅಷ್ಟು ಎತ್ತರ, ಹಾಲ್‌ನಲ್ಲಿ ಕಂಬಿ ಯಾಕಿಲ್ಲ ಅಂತ ಒಂದು ದಿನವೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಹುಷಾರು ಹುಷಾರು ಅಂತ ಅವಳಿಗೇ ಹೇಳಿಕೊಂಡು ಬಂದೆವು.

ನಿನ್ನೆ ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಊರ ಮನೆ ಹಿತ್ತಲ ಬಾಗಿಲಲ್ಲಿ ಒಂದೇ ಒಂದು ಚಪ್ಪಡಿ ಮೆಟ್ಟಿಲಿದೆ, ಒಗೆಯೋ ಕಲ್ಲಿಗೆ ಇಳಿಯೋದು ಅಲ್ಲಿಂದಲೇ.

"ಅಕ್ಕ, ಅಮ್ಮ ಅದನ್ನ ನಲವತ್ತು ವರ್ಷದಿಂದ ಇಳೀತಿದಾಳೆ" ಅಂದ.

"ಸುಮ್ನೆ ಅಳೆದು ನೋಡು" ಅಂದೆ.

ಹತ್ತು ನಿಮಿಷಕ್ಕೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಪಾಚಿ ಹಿಡಿದ ಕಲ್ಲಿನ ಪಕ್ಕ ಟೇಪು, 12 ಇಂಚು. ಕೆಳಗೆ ಅವನ ಸಾಲು: ಮಧ್ಯಕ್ಕೊಂದು ಮೆಟ್ಟಿಲು ಕಟ್ಟಿಸ್ತೀನಿ, ಕಂಬಿಗೆ ಭಾನುವಾರ ವೆಲ್ಡಿಂಗ್‌ನವರನ್ನ ಕರೀತೀನಿ.

ಅಮ್ಮನಿಗೆ ತೋರಿಸಿದೆ. ಕೈಗೆ ಕಟ್ಟಿದ್ದ ಬಟ್ಟೆ ಸರಿಮಾಡಿಕೊಳ್ಳುತ್ತಾ ತುಂಬ ಹೊತ್ತು ಫೋಟೋ ನೋಡಿದಳು.

"ಕಂಬಿ ಎಡಗಡೆ ಹಾಕ್ಸೋಕೆ ಹೇಳು. ಬಲಗೈಲಿ ಬಕೆಟ್ ಇರುತ್ತೆ."