ಬಲೂನಿನೊಳಗೆ ‘ಬೆಳ್ಳಿ’ ಕೊನೆಗೂ ಸರಿಯಾಗಿ ಕೂತಿತು

ಒತ್ತಕ್ಷರ ಗೆದ್ದಿತು! ಬೀದರಿನ ನಮ್ಮ ಶಾಲೆಯ ಮಕ್ಕಳ ಕಾಮಿಕ್ಸ್‌ನಲ್ಲಿ ‘ಬೆಳ್ಳಿ’ ಈಗ ‘ಬೆಳ್ಳಿ’ಯಾಗಿಯೇ ಕಾಣುತ್ತಿದೆ. ಚಿತ್ರ ಬಿಡಿಸುವುದು, ಸ್ಕ್ಯಾನ್ ಮಾಡುವುದು, ಕ್ರಿತಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬಣ್ಣ ತುಂಬುವುದು ನಿಮಗೆಲ್ಲ ಗೊತ್ತಿರುವ ಕೆಲಸವೇ. ಅದನ್ನು ಬಿಟ್ಟು, ತಲೆ ತಿಂದ ಸಂಗತಿಗೆ ನೇರವಾಗಿ ಬರುತ್ತೇನೆ.

ಎಂಟನೆಯ ತರಗತಿಯವರು ಆರಿಸಿಕೊಂಡದ್ದು ಬಿದ್ರಿ ಕಲೆಯ ಕಥೆ. ಸತು, ತಾಮ್ರ ಬೆರೆಸಿ ಎರಕ ಹೊಯ್ದ ಹುಕ್ಕಾ, ಅದರ ಮೈಯಲ್ಲಿ ಕೊರೆದ ಗೀರುಗಳಿಗೆ ಬಡಿದು ಕೂರಿಸುವ ಬೆಳ್ಳಿ ತಂತಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣ ತಾಗಿದೊಡನೆ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಉಳಿದು ಹೊಳೆಯುವುದು. ಒಬ್ಬ ಹುಡುಗಿ ಆ ಮಣ್ಣಿಗೇ ಮಾತು ಕೊಟ್ಟಳು. ‘ನಾನಿಲ್ಲದಿದ್ದರೆ ಬೆಳ್ಳಿಯನ್ನು ನೋಡುವವರು ಯಾರು?’ ಎಂದು ಮಣ್ಣು ಜಂಬ ಕೊಚ್ಚುತ್ತದೆ. ಇಡೀ ತರಗತಿ ನಕ್ಕಿತು, ಕಥೆಗೆ ನಾಯಕ ಸಿಕ್ಕ.

ಸಂಭಾಷಣೆಯನ್ನು ಮಕ್ಕಳು ಕೊನೆಯ ಗಳಿಗೆಯವರೆಗೂ ತಿದ್ದುತ್ತಾರೆ, ತಿದ್ದಲೇಬೇಕು. ಪ್ರತಿ ಸಲ ಚಿತ್ರದ ಕಡತ ತೆರೆದು ಅಕ್ಷರ ಬದಲಿಸುತ್ತ ಕೂತರೆ ಕಂಪ್ಯೂಟರ್ ಅವಧಿ ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಮಾತುಗಳೆಲ್ಲ ಸ್ಪ್ರೆಡ್‌ಶೀಟ್‌ನಲ್ಲಿರಲಿ, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿತ್ರಗಳ ಕೆಲಸ ಮಾಡುವ ಪಿಲ್ಲೋ ಲೈಬ್ರರಿ ಅವನ್ನು ಮಾತಿನ ಬಲೂನುಗಳಿಗೆ ತುಂಬಲಿ ಎಂದು ಏರ್ಪಾಡು ಮಾಡಿದೆ. ಮನೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸೊಗಸಾಗಿ ಬಂತು. ಶಾಲೆಯ ವಿಂಡೋಸ್ ಯಂತ್ರದಲ್ಲಿ ‘ಬೆಳ್ಳಿ’ ಚೂರುಚೂರಾಯಿತು: ಮೊದಲ ‘ಳ’ದ ತಲೆಯ ಮೇಲೆ ಅರ್ಧಾಕ್ಷರದ ಗುರುತು, ಕೆಳಗಿಳಿಯಬೇಕಾದ ಒತ್ತು ಪಕ್ಕದಲ್ಲೇ ಪೂರ್ತಿ ‘ಳ’ ಆಗಿ ನಿಂತಿದೆ, ಗುಡಿಸು ಎಲ್ಲಿಗೂ ಅಂಟದೆ ತೇಲುತ್ತಿದೆ. ‘ಸರ್, ಅಕ್ಷರಗಳು ಜಗಳವಾಡಿಕೊಂಡಿವೆ’ ಎಂದ ಹಿಂದಿನ ಬೆಂಚಿನ ಹುಡುಗ. ಇದಕ್ಕಿಂತ ಚೆನ್ನಾದ ದೋಷವರದಿಯನ್ನು ನಾನು ಓದಿಲ್ಲ.

ಫಾಂಟಿನ ಮೇಲೆ ಅನುಮಾನ ಬರುವುದು ಸಹಜ. ನೋಟೋ ಸ್ಯಾನ್ಸ್ ಕನ್ನಡ ತೆಗೆದು ಬಲೂ ತಮ್ಮ ಹಾಕಿದೆ, ಫಲ ಅದೇ. ಅದೇ ಯಂತ್ರದ ಲಿಬ್ರೆ ಆಫೀಸ್‌ನಲ್ಲಿ ಅದೇ ಫಾಂಟು ನೆಟ್ಟಗಿತ್ತು. ಅಂದರೆ ಅಕ್ಷರ ಜೋಡಿಸುವ ಕೈಯೇ ಅಲ್ಲಿ ಇರಲಿಲ್ಲ. ಪಿಲ್ಲೋದಲ್ಲಿ ಎರಡು ಬಗೆಯ ಜೋಡಣೆಗಳಿವೆ. ಸರಳವಾದದ್ದು ಯೂನಿಕೋಡ್ ಚಿಹ್ನೆಗಳನ್ನು ಒಂದರ ಪಕ್ಕ ಒಂದು ಇಟ್ಟು ಸುಮ್ಮನಾಗುತ್ತದೆ. ಇನ್ನೊಂದು ರಾಕ್ಮ್ ಎಂಬ ಲೈಬ್ರರಿ; ಅದು ಅಕ್ಷರಗಳಿಗೆ ರೂಪ ಕೊಡುವ ಹಾರ್ಫ್‌ಬಝ್ ಮೂಲಕ ಒತ್ತು, ಗುಣಿತ, ಅರ್ಕಾವತ್ತುಗಳನ್ನು ಕೂಡಿಸುತ್ತದೆ. ರಾಕ್ಮ್ ಪಿಲ್ಲೋ ಜೊತೆಗೇ ಬರುತ್ತದೆ, ಆದರೆ ಅದಕ್ಕೆ ಬೇಕಾದ ಫ್ರಿಬಿಡಿ ಎಂಬ ಮತ್ತೊಂದು ಲೈಬ್ರರಿಯನ್ನು ಯಂತ್ರದಲ್ಲಿ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ತಕರಾರು ಎತ್ತದೆ ಸರಳ ಜೋಡಣೆಗೆ ಇಳಿದುಬಿಡುತ್ತದೆ. ಈ ಮೌನವೇ ನನ್ನನ್ನು ಸತಾಯಿಸಿದ್ದು. ಒಂದು ಸಾಲಿನ ಎಚ್ಚರಿಕೆ ಕೊಟ್ಟಿದ್ದರೂ ಸಾಕಿತ್ತು. ಪಿಲ್ಲೋದಲ್ಲಿ ಯಾವ ಸೌಲಭ್ಯ ಇದೆ ಎಂದು ಹೇಳುವ ಫೀಚರ್ಸ್ ಚೆಕ್‌ನಲ್ಲಿ ರಾಕ್ಮ್ ಬಗ್ಗೆ ಕೇಳಿದಾಗ ‘ಫಾಲ್ಸ್’ ಎಂದಿತು. ಫ್ರಿಬಿಡಿಯ ಡಿಎಲ್‌ಎಲ್ ಕಡತ ತಂದಿಟ್ಟು ಮತ್ತೆ ಕೇಳಿದೆ, ‘ಟ್ರೂ’. ಒತ್ತುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಇಳಿದವು.

ಇನ್ನು ಸಾಲು ಮುರಿಯುವ ಕೆಲಸ. ಪೈಥಾನ್‌ನ ಲೆಕ್ಕದಲ್ಲಿ ‘ಹುಕ್ಕಾ’ 6 ಚಿಹ್ನೆ, ಮಕ್ಕಳ ಲೆಕ್ಕದಲ್ಲಿ 2 ಅಕ್ಷರ. ಮಕ್ಕಳೇ ಸರಿ. ಚಿಹ್ನೆ ಎಣಿಸಿ ಕತ್ತರಿಸಿದರೆ ‘ಹುಕ್’ ಮೇಲಿನ ಸಾಲಿನಲ್ಲಿ, ‘ಕಾ’ ಕೆಳಗೆ. ಹಾಗಾಗಿ ಸಾಲಿನ ಅಗಲವನ್ನು ಪಿಕ್ಸೆಲ್‌ನಲ್ಲಿ ಅಳೆದು, ಪದಗಳ ನಡುವಿನ ಜಾಗದಲ್ಲಿ ಮಾತ್ರ ಮುರಿಯುತ್ತೇನೆ. ಪದವೇ ಹಿಡಿಸದಿದ್ದರೆ ಆ ಬಲೂನು ಕೆಂಪಾಗುತ್ತದೆ, ಬರೆದವರು ಮಾತನ್ನು ಚುಟುಕಾಗಿಸಬೇಕು. ವ್ಯಾಕರಣದ ಪಾಠದಲ್ಲಿ ಸಂಧಿ ಮಾಡಲು ಕಲಿತವರು ಇಲ್ಲಿ ಉತ್ಸಾಹದಿಂದ ಬಿಡಿಸುತ್ತಿದ್ದಾರೆ.

ಮುದ್ರಣದವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಯೂನಿಕೋಡ್ ಆಗದು, ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲೇ ಕೊಡಿ ಎಂಬುದು ಅವರ ಹಟ. ಪೂರ್ತಿ ಪುಟವನ್ನೇ 300 ಡಿಪಿಐ ಚಿತ್ರವಾಗಿಸಿ ಕೊಟ್ಟೆ. ಅಕ್ಷರ ಉಳಿಯಿತು, ಕಪ್ಪು ಹಾಳಾಯಿತು. ಬಿದ್ರಿಯ ಕಥೆಯಲ್ಲಿ ಕಪ್ಪು ಬೂದಿಯಾಗಿ ಬಂದರೆ ಇನ್ನೇನು ಉಳಿಯಿತು? ಮಕ್ಕಳ ಕೈಗೆ ಆ ಪ್ರತಿಗಳನ್ನು ಕೊಡಲು ಮನಸ್ಸು ಬರಲಿಲ್ಲ, ಮರುಮುದ್ರಣ ಮಾಡಿಸುತ್ತಿದ್ದೇನೆ.

ಇಲ್ಲಿಂದ ಮುಂದಿನದು ನನಗೆ ಹೆಚ್ಚು ಖುಷಿ ಕೊಟ್ಟ ಸಂಗತಿ. ಫ್ರಿಬಿಡಿ ಇರುವುದೇ ಬಲದಿಂದ ಎಡಕ್ಕೆ ಓದುವ ಲಿಪಿಗಳಿಗಾಗಿ. ಕನ್ನಡಕ್ಕೆಂದು ತಂದದ್ದರಿಂದ ಉರ್ದುವಿಗೂ ಬಾಗಿಲು ತೆರೆಯಿತು! ಪಕ್ಕದ ಉರ್ದು ಶಾಲೆಯ ಮಕ್ಕಳಿಗೂ ಈ ಕಥೆ ಕೊಡಬೇಕೆಂಬ ಆಸೆ ಮೊದಲಿನಿಂದ ಇತ್ತು. ಉರ್ದುವಿನ ನಸ್ತಾಲಿಕ್ ಶೈಲಿ ಇಳಿಜಾರಾಗಿ ಸಾಗುವ ಬರವಣಿಗೆ, ಸಾಲಿನ ಎತ್ತರ ಹೆಚ್ಚು ಬೇಕು, ಅದನ್ನು ಕೊಡಬಹುದು. ಪ್ಯಾನೆಲ್‌ಗಳ, ಅಂದರೆ ಚಿತ್ರದ ಚೌಕಗಳ, ಕ್ರಮವೇ ಕಷ್ಟ. ಇಡೀ ಚಿತ್ರಪಟ್ಟಿಯನ್ನು ಕನ್ನಡಿಯಂತೆ ತಿರುಗಿಸಿದರೆ ಕುಶಲಕರ್ಮಿಯ ಸುತ್ತಿಗೆ ಎಡಗೈಗೆ ಹೋಗುತ್ತದೆ. ಪ್ಯಾನೆಲ್‌ಗಳನ್ನಷ್ಟೇ ಅದಲುಬದಲು ಮಾಡಿದರೆ ಒಂದೇ ಪ್ಯಾನೆಲ್‌ನಲ್ಲಿ ಮಾತನಾಡುವ ಇಬ್ಬರಲ್ಲಿ ಉತ್ತರ ಕೊಡುವವನೇ ಮೊದಲು ಮಾತನಾಡಿಬಿಡುತ್ತಾನೆ.

ಆದ್ದರಿಂದ ಮುಂದಿನ ಕಥೆ ನೌಬಾದಿನ ಕರೇಜ್, ನಮ್ಮ ಸುರಂಗ ಬಾವಿ. ಬಹಮನಿ ಕಾಲದ ಆ ನೆಲದಡಿಯ ಕಾಲುವೆಗೆ ಮೇಲಿಂದ ನೇರ ಇಳಿಯುವ ಬಾವಿಗಳಿವೆ. ಪಟ್ಟಿಯೂ ಹಾಗೆಯೇ ಉದ್ದಕ್ಕೆ ಕೆಳಗಿಳಿಯಲಿ, ಒಂದು ಪ್ಯಾನೆಲ್‌ಗೆ ಒಂದೇ ಬಲೂನು ಇರಲಿ. ಮೇಲಿಂದ ಕೆಳಕ್ಕೆ ಎರಡು ಭಾಷೆಯವರೂ ಒಂದೇ ರೀತಿ ಓದುತ್ತಾರೆ. ಮಕ್ಕಳು ಈಗಾಗಲೇ ಕಾಗದಗಳನ್ನು ಉದ್ದಕ್ಕೆ ಅಂಟಿಸಲು ಶುರುಮಾಡಿದ್ದಾರೆ.